ಹಸಿರು ಕಂಡದ್ದೆಲ್ಲ ಫೆರಿಲ್ ಅಲ್ಲ: ಹ್ಯಾಲೋಜನ್ ಕೂಡಿಸುವ ಕಿಣ್ವಗಳ ಕಬ್ಬಿಣದ ಮಧ್ಯವರ್ತಿಗಳನ್ನು ರೋಹಿತದಲ್ಲಿ ಹಿಡಿಯುವ ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆಯ ರಸಾಯನಶಾಸ್ತ್ರ ವಿಭಾಗದಲ್ಲಿ ಒಂದು ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್, ಗಾಳಿ ತಾಕದಂತೆ ಕೆಲಸ ಮಾಡಲು ಒಂದು ಶ್ಲೆಂಕ್ ಲೈನ್, ಮಿಲಿಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಇದ್ದರೆ, ಹ್ಯಾಲೋಜನ್ ಕೂಡಿಸುವ ಕಿಣ್ವಗಳಲ್ಲಿ ಕ್ಷಣಕಾಲ ಹುಟ್ಟುವ ಕಬ್ಬಿಣದ ರೂಪಗಳನ್ನು ಅವನ್ನು ಅನುಕರಿಸುವ ಸಣ್ಣ ಅಣುಗಳಲ್ಲಿ ತಯಾರಿಸಿ ಅಳೆಯುವ ಕೆಲಸ ಶುರು ಮಾಡಬಹುದು. ಮುಗಿಸುವುದಕ್ಕೆ ಮಾತ್ರ ಹೊರಗಿನ ಯಂತ್ರಗಳು ಬೇಕು. ಊರಲ್ಲೇ ಏನು ಅಳೆಯಬೇಕು, ಹೊರಗೆ ಏನನ್ನು ಯಾವ ಸ್ಥಿತಿಯಲ್ಲಿ ಕಳಿಸಬೇಕು, ಬಂದ ಅಂಕಿಗಳನ್ನು ಹೇಗೆ ತಾಳೆ ಹಾಕಬೇಕು ಎಂಬುದು ಇಲ್ಲಿದೆ. ಪಾತ್ರೆಗೆ ಹಾಕಿದ ಕಬ್ಬಿಣವೆಲ್ಲ ಕೊನೆಗೆ ಲೆಕ್ಕಕ್ಕೆ ಸಿಗಬೇಕು. ನೂರರಲ್ಲಿ 85 ಭಾಗ ಫೆರಿಲ್ (4+ ಕಬ್ಬಿಣಕ್ಕೆ ಆಮ್ಲಜನಕ ಅಂಟಿದ ರೂಪ) ಎಂದರೆ ಉಳಿದ 15 ಎಲ್ಲಿದೆ ಎಂಬುದಕ್ಕೂ ಉತ್ತರ ಇರಬೇಕು. ಅಲ್ಲಿಯವರೆಗೆ ನಿಮ್ಮ ಬಳಿ ಇರುವುದು ಹಸಿರು ದ್ರಾವಣ, ಅಷ್ಟೆ.

ಕಿಣ್ವದಲ್ಲಿ ನಡೆಯುವುದೇನು

ಸ್ಯೂಡೊಮೊನಾಸ್ ಸಿರಿಂಗೆ ಎಂಬ ಬ್ಯಾಕ್ಟೀರಿಯ ಸಿರಿಂಗೊಮೈಸಿನ್ ತಯಾರಿಸುವಾಗ ಸಿರ್‌ಬಿ2 ಎಂಬ ಕಿಣ್ವವು ತ್ರಿಯೋನಿನ್ನಿನ ಮೀಥೈಲ್ ಗುಂಪಿಗೆ ಕ್ಲೋರಿನ್ ಕೂಡಿಸುತ್ತದೆ. ಆ ತ್ರಿಯೋನಿನ್ ಬಿಡಿಯಾಗಿರುವುದಿಲ್ಲ, ಸಿರ್‌ಬಿ1 ಎಂಬ ವಾಹಕ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. 2006ರಲ್ಲಿ ಸಿರ್‌ಬಿ2ರ ಸ್ಫಟಿಕ ರಚನೆ ಹೊರಬಂದಾಗ ಗುಟ್ಟು ತಿಳಿಯಿತು. ಇದೇ ಕುಟುಂಬದ ಹೈಡ್ರಾಕ್ಸಿಲೇಸ್ ಕಿಣ್ವಗಳಲ್ಲಿ ಕಬ್ಬಿಣವನ್ನು ಎರಡು ಹಿಸ್ಟಿಡಿನ್‌ಗಳು ಮತ್ತು ಒಂದು ಆಸ್ಪಾರ್ಟೇಟ್ ಅಥವಾ ಗ್ಲುಟಮೇಟ್ ಹಿಡಿದಿರುತ್ತವೆ. ಇಲ್ಲಿ ಆ ಮೂರನೆಯದರ ಜಾಗದಲ್ಲಿ ಅಲನಿನ್ ಇದೆ. ಅಲನಿನ್‌ಗೆ ಕಬ್ಬಿಣ ಹಿಡಿಯುವ ಕೈಯಿಲ್ಲ, ತೆರವಾದ ಜಾಗಕ್ಕೆ ಕ್ಲೋರೈಡ್ ಬಂದು ಕೂತಿದೆ.

ಜೀವಕೋಶದಲ್ಲಿರುವ 2-ಆಕ್ಸೋಗ್ಲುಟರೇಟ್ ಎಂಬ ಸಣ್ಣ ಅಣು ಮತ್ತು ಆಮ್ಲಜನಕ ಸೇರಿ ಕಬ್ಬಿಣವನ್ನು 4+ ಸ್ಥಿತಿಗೆ ಏರಿಸುತ್ತವೆ. ಇದೇ ಫೆರಿಲ್, ಕಬ್ಬಿಣಕ್ಕೆ ಆಮ್ಲಜನಕ ದ್ವಿಬಂಧದಲ್ಲಿ ಅಂಟಿದ ರೂಪ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದ ಮ್ಯಾಗ್ನೆಟೈಟ್‌ನಲ್ಲಿ 2+ ಮತ್ತು 3+ ಕಬ್ಬಿಣ ಇದೆ. ನಾವು ಹುಡುಕುವುದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ಅದಿರಿನಲ್ಲಿ ಸಿಗುವಂಥದ್ದಲ್ಲ. ಫೆರಿಲ್ ಮೊದಲು ಕಾರ್ಬನ್ನಿನಿಂದ ಹೈಡ್ರೋಜನ್ ಕೀಳುತ್ತದೆ. ಉಳಿದ ಕಾರ್ಬನ್ ರ‍್ಯಾಡಿಕಲ್ ಆಗ ಹೈಡ್ರಾಕ್ಸಿಲ್ ಪಡೆಯಬಹುದು, ಕ್ಲೋರಿನ್ ಪಡೆಯಬಹುದು. ಸಿರ್‌ಬಿ2ರಲ್ಲಿ ತ್ರಿಯೋನಿನ್‌ಗೆ ಕ್ಲೋರಿನ್ ಸೇರುತ್ತದೆ. ಅದರ ಬದಲು ನಾರ್‌ವ್ಯಾಲಿನ್ ಕೊಟ್ಟರೆ ಹೈಡ್ರಾಕ್ಸಿಲ್ ಮೇಲುಗೈ ಪಡೆಯುತ್ತದೆ. ರ‍್ಯಾಡಿಕಲ್ ಯಾವ ಕಡೆ, ಎಷ್ಟು ದೂರದಲ್ಲಿ ಕೂತಿದೆ ಎಂಬುದೇ ಇದನ್ನು ನಿರ್ಧರಿಸುತ್ತದೆ.

ಎರಡು ಕಿಣ್ವಗಳ ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಟಾವ್‌ಡಿ ಎಂಬ ಹೈಡ್ರಾಕ್ಸಿಲೇಸ್‌ನ ‘ಜೆ’ ಮಧ್ಯವರ್ತಿ 318 ನ್ಯಾನೋಮೀಟರಿನಲ್ಲಿ ಬೆಳಕು ಹೀರುತ್ತದೆ. ಗಾಮಾ ಕಿರಣದಿಂದ ಕಬ್ಬಿಣದ ಸ್ಥಿತಿ ಓದುವ ಮಾಸ್‌ಬೌರ್ ರೋಹಿತದಲ್ಲಿ ಅದರ ಐಸೋಮರ್ ಶಿಫ್ಟ್ (ರೇಖೆಗಳ ನಡುಬಿಂದು) ಸೆಕೆಂಡಿಗೆ 0.31 ಮಿ.ಮೀ., ಕ್ವಾಡ್ರುಪೋಲ್ ಸ್ಪ್ಲಿಟಿಂಗ್ (ಎರಡು ರೇಖೆಗಳ ನಡುವಿನ ದೂರ) ಸುಮಾರು 0.88. ಕ್ಲೋರೈಡ್ ಹೊತ್ತ ಫೆರಿಲ್‌ಗಳ ಐಸೋಮರ್ ಶಿಫ್ಟ್ 0.2ರಿಂದ 0.3ರ ನಡುವೆ ಬರುತ್ತದೆ. ಸೈಟ್‌ಸಿ3 ಎಂಬ ಹ್ಯಾಲೋಜನೇಸ್‌ನಲ್ಲಿ 2007ರಲ್ಲಿ ಇಂಥ ಎರಡು ರೂಪಗಳು ಒಟ್ಟಿಗೇ ಕಂಡವು. ಕಿಣ್ವದ ಈ ಫೆರಿಲ್‌ಗಳ ಒಟ್ಟು ಸ್ಪಿನ್ (ಜೊತೆಯಿಲ್ಲದ ಒಂದೊಂದು ಎಲೆಕ್ಟ್ರಾನ್‌ಗೆ ಅರ್ಧದಂತೆ) 2.

ಕಿಣ್ವದಲ್ಲೇ ಇವನ್ನು ಹಿಡಿಯಲು ಕ್ಷಣದಲ್ಲಿ ಬೆರೆಸಿ ಅಳೆಯುವ ಸ್ಟಾಪ್ಡ್-ಫ್ಲೋ, ಬೆರೆಸಿ ತಕ್ಷಣ ಹೆಪ್ಪುಗಟ್ಟಿಸುವ ಫ್ರೀಜ್-ಕ್ವೆಂಚ್ ಯಂತ್ರಗಳು ಬೇಕು. ಕಿಣ್ವದ ಕಬ್ಬಿಣವನ್ನು ಅನುಕರಿಸುವ ಸಣ್ಣ ಅಣುಗಳು, ಅಂದರೆ ಮಾದರಿ ಕಾಂಪ್ಲೆಕ್ಸ್‌ಗಳಾದರೆ ಕೈಯಲ್ಲಿ ಪಿಪೆಟ್ ಹಿಡಿದು ಕೆಲಸ ಮಾಡುವಷ್ಟು ಹೊತ್ತು ನಿಲ್ಲುತ್ತವೆ. ಆದ್ದರಿಂದ ಅಲ್ಲಿಂದಲೇ ಹೊರಡೋಣ.

ಯಾವ ಲಿಗ್ಯಾಂಡ್?

ಲಿಗ್ಯಾಂಡ್ ಎಂದರೆ ಕಬ್ಬಿಣವನ್ನು ಸುತ್ತ ಹಿಡಿದಿರುವ ಅಣು. ಅದರ ಆಯ್ಕೆಯಲ್ಲಿ ಎಡವಿದರೆ ತಿಂಗಳುಗಟ್ಟಲೆ ಹೋಗುತ್ತದೆ. ಎನ್4ಪೈ ಲಿಗ್ಯಾಂಡಿನ ಫೆರಿಲ್ ಅಸಿಟೋನೈಟ್ರೈಲ್‌ನಲ್ಲಿ ಕೋಣೆಯ ಉಷ್ಣತೆಯಲ್ಲೂ ಸುಮಾರು 60 ಗಂಟೆಯ ಅರ್ಧಾಯು ತೋರುತ್ತದೆ. 695 ನ್ಯಾನೋಮೀಟರಿನಲ್ಲಿ ಮೋಲಾರ್ ಹೀರಿಕೆ (1 ಮೋಲಾರ್ ದ್ರಾವಣ 1 ಸೆಂ.ಮೀ. ದಾರಿಯಲ್ಲಿ ಹೀರುವ ಲೆಕ್ಕ) 400. ಕೈ ಪಳಗಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಇದು ಐದು ಸಾರಜನಕಗಳಿಂದ ಕಬ್ಬಿಣವನ್ನು ಹಿಡಿಯುತ್ತದೆ, ಆರನೆಯ ಜಾಗ ಆಮ್ಲಜನಕಕ್ಕೆ. ಕ್ಲೋರೈಡ್ ಕೂರಲು ಜಾಗವೇ ಇಲ್ಲ. ಇದಕ್ಕೆ ಕ್ಲೋರೈಡ್ ಸುರಿದು ‘ಹ್ಯಾಲೋಜನೇಸ್ ಮಾದರಿ’ ಎಂದು ಬರೆದರೆ ವಿಮರ್ಶಕರು ಮೊದಲ ಸಾಲಿನಲ್ಲೇ ತಿರಸ್ಕರಿಸುತ್ತಾರೆ.

ಟಿಎಂಸಿ ಎಂಬ ವರ್ತುಲ ಲಿಗ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಸ್ಫಟಿಕ ರಚನೆ ಬಿಡಿಸಿದ ಮೊದಲ ಹೀಮ್-ರಹಿತ ಫೆರಿಲ್ ಇದರದ್ದೇ, 2003ರಲ್ಲಿ: ಕಬ್ಬಿಣ-ಆಮ್ಲಜನಕ ದೂರ 1.646 ಆಂಗ್‌ಸ್ಟ್ರಮ್, ಹೀರಿಕೆ 820 ನ್ಯಾನೋಮೀಟರ್, ಐಸೋಮರ್ ಶಿಫ್ಟ್ 0.17. ಇಲ್ಲಿ ಹ್ಯಾಲೈಡ್ ಕೂರುವುದು ಆಮ್ಲಜನಕದ ಎದುರು ಬದಿಗೆ. ಕಿಣ್ವದಲ್ಲಿ ಪಕ್ಕದಲ್ಲಿರುತ್ತದೆ.

ಟಿಪಿಎ ನಾಲ್ಕು ಸಾರಜನಕಗಳದ್ದು, ಆಮ್ಲಜನಕದ ಪಕ್ಕದ ಜಾಗವನ್ನು ಖಾಲಿ ಬಿಡುತ್ತದೆ, ಕೊಳ್ಳಲೂ ಸಿಗುತ್ತದೆ. ಫೆರಿಲ್ 724 ನ್ಯಾನೋಮೀಟರಿನಲ್ಲಿ, ಮೋಲಾರ್ ಹೀರಿಕೆ 300. ಆದರೆ −40 ಡಿಗ್ರಿ ಬೇಕು. ನಮ್ಮ ಸಲಹೆ: ಎನ್4ಪೈಯಲ್ಲಿ ಕಲಿಯಿರಿ, ಟಿಪಿಎಯಲ್ಲಿ ಕೆಲಸ ಮಾಡಿ. ಪೈರಿಡಿನ್ ಜಾಗದಲ್ಲಿ ಕ್ವಿನೋಲಿನ್ ಇರುವ ಟಿಕ್ಯೂಎ ಲಿಗ್ಯಾಂಡ್ ಕಿಣ್ವದಂತೆಯೇ ಒಟ್ಟು ಸ್ಪಿನ್ 2 ಕೊಡುತ್ತದೆ, ಅದರ ಹ್ಯಾಲೈಡ್ ಕಾಂಪ್ಲೆಕ್ಸ್ ನಿಜವಾಗಿಯೂ ಕಾರ್ಬನ್-ಹೈಡ್ರೋಜನ್ ಬಂಧಕ್ಕೆ ಹ್ಯಾಲೋಜನ್ ಕೂಡಿಸುತ್ತದೆ. ಬಿಸ್ಪಿಡಿನ್ ಲಿಗ್ಯಾಂಡ್‌ಗಳ ಕಾಂಪ್ಲೆಕ್ಸ್‌ಗಳೂ ಹ್ಯಾಲೋಜನ್ ಕೂಡಿಸುತ್ತವೆ. ಅವಕ್ಕೆ ಆಮೇಲೆ ಹೋಗಿ. ಎನ್4ಪೈ, ಟಿಎಂಸಿ, ಟಿಪಿಎ ಮೂರೂ ಒಟ್ಟು ಸ್ಪಿನ್ 1ರವು ಎಂಬುದನ್ನು ಕಿಣ್ವದ ಅಂಕಿಗಳ ಜೊತೆ ಹೋಲಿಸುವಾಗ ಮರೆಯಬಾರದು.

ಕಬ್ಬಿಣದ ಲವಣವಾಗಿ ಟ್ರೈಫ್ಲೇಟ್ ಬಳಸಿ. ಹಳೆಯ ವಿಧಾನಗಳಲ್ಲಿ ಪರ್‌ಕ್ಲೋರೇಟ್ ಇರುತ್ತದೆ. ಅದು ಒಣಗಿದಾಗ ಸ್ಪಾಚುಲಾದ ಉಜ್ಜಾಟಕ್ಕೇ ಸಿಡಿಯಬಹುದು.

ದ್ರಾವಕ, ತೇವ, ತಂಪು

ಅಸಿಟೋನೈಟ್ರೈಲನ್ನು ಕ್ಯಾಲ್ಸಿಯಂ ಹೈಡ್ರೈಡ್ ಮೇಲಿಂದ ಸಾರಜನಕದಡಿ ಬಟ್ಟಿ ಇಳಿಸಿ. ಪುಸ್ತಕದಲ್ಲಿ ಕುದಿಬಿಂದು 82 ಡಿಗ್ರಿ ಎಂದಿರುತ್ತದೆ. ಹಾಸನ, ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿವೆ, ಗಾಳಿಯ ಒತ್ತಡ ಹತ್ತಕ್ಕೆ ಒಂದು ಪಾಲು ಕಡಿಮೆ. ಇಲ್ಲಿ ಥರ್ಮಾಮೀಟರ್ 78–79ಕ್ಕೆ ನಿಂತುಬಿಡುತ್ತದೆ. 82 ಬರಲಿಲ್ಲವೆಂದು ಮೊದಲ ಪಾಲನ್ನೆಲ್ಲ ಚೆಲ್ಲುತ್ತಾ ಕೂರಬೇಡಿ. ಬಟ್ಟಿ ಇಳಿಸಿದ್ದನ್ನು 3 ಆಂಗ್‌ಸ್ಟ್ರಮ್ ಮಾಲಿಕ್ಯುಲರ್ ಸೀವ್ ಮೇಲೆ ಎರಡು ದಿನ ಇಡಿ, ಬಳಸುವ ಮುಂಚೆ 0.2 ಮೈಕ್ರಾನ್ ಪಿಟಿಎಫ್‌ಇ ಫಿಲ್ಟರಿನಲ್ಲಿ ಸೋಸಿ. ಸೀವ್ ಧೂಳು ಕಣ್ಣಿಗೆ ಕಾಣದಿದ್ದರೂ ಬೆಳಕನ್ನು ಚದುರಿಸುತ್ತದೆ. ಕೊನೆಗೆ ಮೂರು ಸಲ ಹೆಪ್ಪುಗಟ್ಟಿಸಿ, ನಿರ್ವಾತಕ್ಕೆ ಹಿಡಿದು, ಕರಗಿಸಿ. ಬರೀ 20 ನಿಮಿಷ ಸಾರಜನಕ ಗುಳ್ಳೆ ಬಿಟ್ಟರೆ ಬಣ್ಣ ನೋಡುವ ಕೆಲಸಕ್ಕೆ ಸಾಕು, ಉತ್ಪನ್ನ ಎಣಿಸುವ ಕೆಲಸಕ್ಕೆ ಸಾಲದು.

ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್ ಈ ಕೆಲಸಕ್ಕೆ ಶತ್ರು. ಕಬ್ಬಿಣದ ಟ್ರೈಫ್ಲೇಟ್, ಟೆಟ್ರಾಬ್ಯೂಟೈಲ್ ಅಮೋನಿಯಂ ಕ್ಲೋರೈಡ್ ಎರಡೂ ತೂಗುವಷ್ಟರಲ್ಲಿ ಗಾಳಿಯ ತೇವ ಹೀರಿ ಅಂಟಾಗುತ್ತವೆ. ಕ್ಲೋರೈಡನ್ನು ಹಿಂದಿನ ರಾತ್ರಿ ನಿರ್ವಾತದಲ್ಲಿಟ್ಟು, ಮುಚ್ಚಿದ ವಯಲ್ ಸಮೇತ ತೂಗಿ, ವಯಲ್‌ನ ತೂಕ ಕಳೆಯಿರಿ. ಎರಡನ್ನೂ ಬೇಸಿಗೆಯಲ್ಲೇ ಗ್ಲೋವ್ ಬಾಕ್ಸ್‌ನಲ್ಲಿ ಸಣ್ಣ ಸಣ್ಣ ವಯಲ್‌ಗಳಿಗೆ ತುಂಬಿಟ್ಟುಕೊಳ್ಳುವುದು ಇನ್ನೂ ಜಾಣತನ.

ತಂಪಿಗೆ ಡ್ರೈ ಐಸ್ ಬೇಕೆಂದರೆ ಬೆಂಗಳೂರಿನಿಂದ ಬರಬೇಕು, ಹಾಸನಕ್ಕೆ ಸುಮಾರು 180 ಕಿ.ಮೀ. ದಾರಿಯಲ್ಲೇ ಒಂದು ಪಾಲು ಆವಿ. ದ್ರವ ಸಾರಜನಕ ಹಾಸನ ಜಿಲ್ಲೆಗೆ ಹೊಸದೇನಲ್ಲ, ಕೃತಕ ಗರ್ಭಧಾರಣೆಯ ವೀರ್ಯ ನಳಿಕೆಗಳು ನಿಲ್ಲುವುದೇ ಅದರಲ್ಲಿ. ಹೈನುಗಾರಿಕೆಗೆ ಅದನ್ನು ಪೂರೈಸುವವರನ್ನೇ ವಿಚಾರಿಸಿ, ನಿಮ್ಮದೇ ಕ್ಯಾನ್ ತುಂಬಿಸಿಕೊಳ್ಳಿ. ಪಶುವೈದ್ಯರ ಕ್ಯಾನ್‌ನಿಂದ ಬಗ್ಗಿಸಿಕೊಳ್ಳುವ ಯೋಚನೆ ಬೇಡ, ಮಟ್ಟ ಇಳಿದರೆ ಅವರ ನಳಿಕೆಗಳೆಲ್ಲ ಹಾಳು. ಕ್ಯಾನನ್ನು ಕಾರಿನೊಳಗೆ ಕಿಟಕಿ ಮುಚ್ಚಿ ತರುವಂತಿಲ್ಲ, ಆವಿಯಾದ ಸಾರಜನಕ ಆಮ್ಲಜನಕವನ್ನು ಹೊರದಬ್ಬುತ್ತದೆ. ಬಾಯಿಗೆ ಬಿಗಿಯಾದ ಬೆಣೆಯೂ ಕೂಡದು.

ಅಗಲ ಬಾಯಿಯ ಡಿವಾರ್ ಎಂಬ ಜೋಡಿ ಗೋಡೆಯ ಪಾತ್ರೆಯಲ್ಲಿ ಎಥನಾಲ್ ತುಂಬಿ, ಕಲಕುತ್ತಾ ದ್ರವ ಸಾರಜನಕವನ್ನು ಚೂರು ಚೂರೇ ಹನಿಸಿ −40ಕ್ಕೆ ತನ್ನಿ, ಒಂದು ಡಿಗ್ರಿಯ ಆಚೀಚೆ ಹಿಡಿದಿಡಿ. ಹತ್ತಿರ ಬೆಂಕಿ, ಕಿಡಿ ಇರಕೂಡದು. ಅಸಿಟೋನೈಟ್ರೈಲ್ −45ರ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಹಾಗಾಗಿ ನಿಮಗಿರುವ ಅವಕಾಶ ಐದೇ ಡಿಗ್ರಿ. ಇನ್ನೂ ತಂಪು ಬೇಕಾದರೆ −112ರವರೆಗೆ ದ್ರವವಾಗಿರುವ ಬ್ಯುಟೈರೋನೈಟ್ರೈಲ್‌ಗೆ ಬದಲಾಯಿಸಿ. ತಂಪನ್ನು ತಾನೇ ಕಾಯುವ ಕ್ರಯೋಸ್ಟಾಟ್ ಇದ್ದರೆ ಇದೆಲ್ಲ ಬೇಡ, ಆದರೆ ವಿದ್ಯುತ್ ಹೋದಾಗ ಅದು ಬಿಸಿಯಾಗುತ್ತದೆ. ಸ್ಪೆಕ್ಟ್ರೋಫೋಟೋಮೀಟರ್ ಮತ್ತು ಕ್ರಯೋಸ್ಟಾಟ್ ಎರಡಕ್ಕೂ ಯುಪಿಎಸ್ ಕೊಡಿ.

ಯಾರೂ ಗಮನಿಸದ ಒಂದು ತಿದ್ದುಪಡಿ ಇದೆ. 25 ಡಿಗ್ರಿಯಿಂದ −40ಕ್ಕೆ ಇಳಿದಾಗ ಅಸಿಟೋನೈಟ್ರೈಲ್‌ನ ಗಾತ್ರ ನೂರಕ್ಕೆ 8–9 ಪಾಲು ಕುಗ್ಗುತ್ತದೆ. ಸಾಂದ್ರತೆ ಅಷ್ಟೇ ಏರುತ್ತದೆ. ಇದನ್ನು ಬಿಟ್ಟರೆ ಫೆರಿಲ್ ಇಳುವರಿ ಅಷ್ಟರ ಮಟ್ಟಿಗೆ ಸುಳ್ಳೇ ಹೆಚ್ಚು ಕಾಣುತ್ತದೆ.

ಉತ್ಕರ್ಷಕದ ಲೆಕ್ಕ

ಎನ್4ಪೈ ಕಬ್ಬಿಣವನ್ನು 4+ಗೆ ಏರಿಸುವ ಉತ್ಕರ್ಷಕ ಐಡೋಸೋಬೆಂಜೀನ್. ಅದನ್ನು ಅಂಗಡಿಯಲ್ಲಿ ಕೊಳ್ಳುವ ಬದಲು ಮಾಡಿಕೊಳ್ಳುವುದೇ ಮೇಲು. 3.2 ಗ್ರಾಂ ಐಡೋಬೆಂಜೀನ್ ಡೈಅಸಿಟೇಟ್‌ಗೆ 15 ಮಿ.ಲೀ. 3 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಐದು ನಿಮಿಷದಲ್ಲಿ ಕಲಕುತ್ತಾ ಸೇರಿಸಿ, ಗಂಟುಗಳನ್ನು ಒಡೆಯಿರಿ. ಮುಕ್ಕಾಲು ಗಂಟೆ ಬಿಟ್ಟು 10 ಮಿ.ಲೀ. ನೀರು ಹಾಕಿ ಸೋಸಿ, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಕೊನೆಗೆ ಕ್ಲೋರೋಫಾರ್ಮ್‌ನಲ್ಲಿ ಕಲಕಿ ಸೋಸಿ ಗಾಳಿಯಲ್ಲಿ ಒಣಗಿಸಿ. ತಿಳಿ ಹಳದಿ ಪುಡಿ ಸಿಗುತ್ತದೆ. ಬಿಸಿ ಓವನ್ ಕೂಡದು, 210 ಡಿಗ್ರಿಯ ಹತ್ತಿರ ಇದು ಸಿಡಿಯುತ್ತದೆ. ಇಟ್ಟಷ್ಟು ದಿನವೂ ನಿಧಾನಕ್ಕೆ ಕೆಡುತ್ತದೆ, ಆದ್ದರಿಂದ ಫ್ರೀಜರ್‌ನಲ್ಲಿಡಿ, ಬಳಸುವ ವಾರ ಅಳೆಯಿರಿ. 44 ಮಿ.ಗ್ರಾಂ ಪುಡಿಗೆ ಅಸಿಟಿಕ್ ಆಮ್ಲ ಮತ್ತು ಅರ್ಧ ಗ್ರಾಂ ಪೊಟ್ಯಾಶಿಯಂ ಅಯೋಡೈಡ್ ಹಾಕಿ, ಬಿಡುಗಡೆಯಾದ ಅಯೋಡಿನ್ನನ್ನು 0.1 ಮೋಲಾರ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ. ಶುದ್ಧವಾಗಿದ್ದರೆ 4.0 ಮಿ.ಲೀ. ಹಿಡಿಯಬೇಕು. 3.6 ಹಿಡಿದರೆ ಶುದ್ಧತೆ ನೂರಕ್ಕೆ 90, ಅದೇ ಅಂಕಿಯಿಂದ ಮುಂದಿನ ತೂಕ ಲೆಕ್ಕ ಹಾಕಿ.

ಟಿಪಿಎಗೆ ಪೆರಾಸಿಟಿಕ್ ಆಮ್ಲ ಬೇಕು. ನೂರಕ್ಕೆ 32 ತೂಕದ ಬಾಟಲಿ ಸುಮಾರು 4.7 ಮೋಲಾರ್ ಇರುತ್ತದೆ. ಅದರೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಇರುತ್ತದೆ, ತೊಂದರೆಯ ಮೂಲ ಅದೇ. ಬರೀ ಅಯೋಡೈಡ್ ಟೈಟ್ರೇಶನ್ ಎರಡನ್ನೂ ಕೂಡಿಸಿ ತೋರಿಸುತ್ತದೆ. ಮೊದಲು ತಣ್ಣನೆಯ ದುರ್ಬಲ ಗಂಧಕಾಮ್ಲದಲ್ಲಿ ಸೀರಿಯಂ(4+) ಸಲ್ಫೇಟ್‌ನಿಂದ, ಫೆರೋಯಿನ್ ಸೂಚಕವಿಟ್ಟು ಪೆರಾಕ್ಸೈಡನ್ನು ಮುಗಿಸಿ. ಆಮೇಲೆ ಅದಕ್ಕೇ ಅಯೋಡೈಡ್ ಹಾಕಿ ಪೆರಾಮ್ಲವನ್ನು ಅಳೆಯಿರಿ.

ಮೊದಲ ಓಟ: ಎನ್4ಪೈ

ಕಬ್ಬಿಣ(2+) ಎನ್4ಪೈ ಟ್ರೈಫ್ಲೇಟ್, ಒಂದು ಅಸಿಟೋನೈಟ್ರೈಲ್ ಸಮೇತ, ಅಣುತೂಕ ಸುಮಾರು 762. 15.3 ಮಿ.ಗ್ರಾಂ ತೂಗಿ 20 ಮಿ.ಲೀ. ಮಾಡಿದರೆ 1.0 ಮಿಲಿಮೋಲಾರ್. ಕಿತ್ತಳೆ-ಕೆಂಪು ದ್ರಾವಣ. ಅದರ 450 ನ್ಯಾನೋಮೀಟರ್ ಸುತ್ತಲಿನ ಪಟ್ಟೆ ಎಷ್ಟು ಬಲವೆಂದರೆ 1 ಸೆಂ.ಮೀ. ಕ್ಯುವೆಟ್‌ನಲ್ಲಿ ಯಂತ್ರ ಕುರುಡಾಗುತ್ತದೆ. ಆ ಭಾಗಕ್ಕೆ 1 ಮಿ.ಮೀ. ಕ್ಯುವೆಟ್, 600ರಿಂದ ಆಚೆಗೆ 1 ಸೆಂ.ಮೀ. ಕ್ಯುವೆಟ್ ಬಳಸಿ.

10 ಮಿ.ಲೀ. ದ್ರಾವಣಕ್ಕೆ 3.3 ಮಿ.ಗ್ರಾಂ ಐಡೋಸೋಬೆಂಜೀನ್, ಅಂದರೆ ಮೋಲ್ ಲೆಕ್ಕದಲ್ಲಿ ಕಬ್ಬಿಣದ ಒಂದೂವರೆ ಪಟ್ಟು. ಇದು ಅಸಿಟೋನೈಟ್ರೈಲ್‌ನಲ್ಲಿ ಕರಗುವುದಿಲ್ಲ, ಗಟ್ಟಿಯಾಗಿ ಕಲಕಿ. ಪ್ರತಿ ಐದು ನಿಮಿಷಕ್ಕೊಮ್ಮೆ ಸ್ವಲ್ಪ ಸೋಸಿ ರೋಹಿತ ತೆಗೆಯಿರಿ. ಕಿತ್ತಳೆ ಮಾಸಿ ತಿಳಿ ಹಸಿರು ಬರುತ್ತದೆ, 695ರಲ್ಲಿ ದಿಬ್ಬ ಏಳುತ್ತದೆ. ಮತ್ತೆ ಏರದ ಹೊತ್ತಿಗೆ ಎಲ್ಲವನ್ನೂ ಸೋಸಿಬಿಡಿ. ಪೂರ್ತಿ ಪರಿವರ್ತನೆಯಾಗಿದ್ದರೆ ಹೀರಿಕೆ 0.40. ನಿಮ್ಮದು 0.34 ಬಂದರೆ ಫೆರಿಲ್ ನೂರಕ್ಕೆ 85. 450ರ ಪಟ್ಟೆ ಇನ್ನೂ ಉಳಿದಿದ್ದರೆ ಬಾಕಿ 15 ಅಲ್ಲಿದೆ, ಇಲ್ಲವಾದರೆ ಅದು 3+ ಆಗಿದೆ.

ಬೇಸ್‌ಲೈನ್ ಎಲ್ಲ ತರಂಗದೂರಗಳಲ್ಲೂ ಒಟ್ಟಿಗೆ ಏರಿದ್ದರೆ ಸೋಸದ ಪುಡಿ ಕಾರಣ. ತಂಪಿನ ಓಟದಲ್ಲಾದರೆ ಕ್ಯುವೆಟ್ ಗೋಡೆಯ ಮಂಜು. ಅದನ್ನು ಕಂಪ್ಯೂಟರಿನಲ್ಲಿ ಕಳೆಯಲು ಹೋಗಬೇಡಿ, ಸಾರಜನಕ ಊದಿ ಒರೆಸಿ ಮತ್ತೆ ತೆಗೆಯಿರಿ.

ಸೋಸಿದ 3 ಮಿ.ಲೀ.ಗೆ ಹತ್ತು ಪಟ್ಟು ಥಯೋಅನಿಸೋಲ್ ಹಾಕಿ. 695 ಇಳಿದು 450 ಮರಳಿ ಏಳಬೇಕು, ಸಲ್ಫಾಕ್ಸೈಡ್ ಹುಟ್ಟಬೇಕು. ಎದ್ದ 450ರ ಎತ್ತರ ಮೊದಲಿನ ಕಬ್ಬಿಣ(2+)ದ ಎಷ್ಟು ಭಾಗ ಎಂದು ನೋಡಿ, 695ರ ಇಳುವರಿಯ ಜೊತೆ ಹೋಲಿಸಿ. ಎರಡೂ ಹೊಂದಿದರೆ ನಿಮ್ಮ ಕೈ ಪಳಗಿದೆ.

ತಂಪಿನ ಓಟ: ಟಿಪಿಎ ಮತ್ತು ಕ್ಲೋರೈಡ್

ಕಬ್ಬಿಣ(2+) ಟಿಪಿಎ ಟ್ರೈಫ್ಲೇಟ್, ಎರಡು ಅಸಿಟೋನೈಟ್ರೈಲ್ ಸಮೇತ, ಅಣುತೂಕ ಸುಮಾರು 726. 10.9 ಮಿ.ಗ್ರಾಂ, 10 ಮಿ.ಲೀ.ಗೆ: 1.5 ಮಿಲಿಮೋಲಾರ್. 2 ಮಿ.ಲೀ. ಕ್ಯುವೆಟ್‌ಗೆ ಹಾಕಿ ರಬ್ಬರ್ ಸೆಪ್ಟಮ್ ಮುಚ್ಚಿ −40ಕ್ಕೆ ಇಳಿಸಿ, ಹತ್ತು ನಿಮಿಷ ಬಿಡಿ. ಥರ್ಮಾಮೀಟರ್ ತೋರಿಸುವುದು ಸ್ನಾನದ ಉಷ್ಣತೆ, ಕ್ಯುವೆಟ್‌ನದ್ದಲ್ಲ.

ಪೆರಾಸಿಟಿಕ್ ಆಮ್ಲವನ್ನು 0.10 ಮಿ.ಲೀ.ಗೆ ಅಸಿಟೋನೈಟ್ರೈಲ್ ಸೇರಿಸಿ 10 ಮಿ.ಲೀ. ಮಾಡಿದರೆ ಸುಮಾರು 47 ಮಿಲಿಮೋಲಾರ್. ಅದರ 64 ಮೈಕ್ರೋಲೀಟರ್ ಒಂದು ಪಟ್ಟಿಗೆ ಸಮ. ತಂಪು ಸೂಜಿಯಿಂದ ಕಾಲು ಕಾಲು ಪಾಲಾಗಿ ಹಾಕುತ್ತಾ, ಪ್ರತಿ ಸಲವೂ 724 ನಿಲ್ಲುವವರೆಗೆ ಕಾಯಿರಿ. ಹೀಗೆ ಟೈಟ್ರೇಶನ್ ಮಾದರಿಯಲ್ಲಿ ಹಾಕುವುದಕ್ಕೆ ಕಾರಣವಿದೆ: ಕ್ಲೋರೈಡ್ ಹಾಕುವ ಹೊತ್ತಿಗೆ ಪೆರಾಮ್ಲ ಒಂದಿಷ್ಟೂ ಮಿಕ್ಕಿರಬಾರದು. ಮಿಕ್ಕ ಪೆರಾಮ್ಲ ಕ್ಲೋರೈಡನ್ನೇ ಹೈಪೋಕ್ಲೋರಸ್ ಆಮ್ಲವಾಗಿಸುತ್ತದೆ. ಅದು ಕಬ್ಬಿಣದ ಹಂಗಿಲ್ಲದೆ ಸಬ್‌ಸ್ಟ್ರೇಟಿಗೆ (ಕ್ರಿಯೆಗೆ ಒಳಗಾಗುವ ಅಣುವಿಗೆ) ಕ್ಲೋರಿನ್ ಕೂಡಿಸುತ್ತದೆ. ಈ ಕ್ಷೇತ್ರದಲ್ಲಿ ಅತಿ ಸುಲಭವಾಗಿ ನಂಬಿಬಿಡುವ ಸುಳ್ಳು ಫಲಿತಾಂಶ ಇದೇ.

540 ನ್ಯಾನೋಮೀಟರ್ ಹತ್ತಿರ ನೇರಳೆ ದಿಬ್ಬ ಕಂಡರೆ ನಿಮ್ಮ ಪೆರಾಮ್ಲದಲ್ಲಿ ಪೆರಾಕ್ಸೈಡ್ ಹೆಚ್ಚಿದೆ. ಅದು ಕಬ್ಬಿಣ(3+) ಹೈಡ್ರೋಪೆರಾಕ್ಸೋ. ಬಾಟಲಿ ಬದಲಿಸಿ.

ಟೆಟ್ರಾಬ್ಯೂಟೈಲ್ ಅಮೋನಿಯಂ ಕ್ಲೋರೈಡ್ 83.4 ಮಿ.ಗ್ರಾಂ, 10 ಮಿ.ಲೀ.ಗೆ: 30 ಮಿಲಿಮೋಲಾರ್. 100 ಮೈಕ್ರೋಲೀಟರ್ ಒಂದು ಪಟ್ಟು. ಅದನ್ನೂ −40ಕ್ಕೆ ಇಳಿಸಿಕೊಂಡೇ ಹಾಕಿ. 724ರ ಪಟ್ಟೆ ಉದ್ದ ತರಂಗದೂರದ ಕಡೆಗೆ ಸರಿಯುತ್ತದೆ. ಬ್ರೋಮೈಡ್ ಹಾಕಿದರೆ ಇನ್ನೂ ದೂರ. ಪಟ್ಟೆ ಸರಿಯದೆ ಬರೀ ಕುಗ್ಗಿದರೆ ಹ್ಯಾಲೈಡ್ ಕೂತಿಲ್ಲ, ಫೆರಿಲ್ ಸಾಯುತ್ತಿದೆ ಎಂದರ್ಥ. ಎರಡೂ ಒಟ್ಟಿಗೆ ನಡೆಯುವುದೇ ಸಾಮಾನ್ಯ, ಆದ್ದರಿಂದ ಡಯೋಡ್-ಅರೇ ಯಂತ್ರದಲ್ಲಿ ಎರಡು ಸೆಕೆಂಡಿಗೊಮ್ಮೆ ಪೂರ್ಣ ರೋಹಿತ ತೆಗೆಯಿರಿ. ಸ್ಕ್ಯಾನ್ ಮಾಡುವ ಯಂತ್ರವಾದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ದ್ರಾವಣವೇ ಬೇರೆಯಾಗಿರುತ್ತದೆ. ಅಂಥಲ್ಲಿ ನಾಲ್ಕೈದು ತರಂಗದೂರ ಆರಿಸಿ, ಒಂದೊಂದು ಓಟದಲ್ಲಿ ಒಂದೊಂದನ್ನು ಕಾಲದ ಮೇಲೆ ಅಳೆಯಿರಿ.

ಕ್ಲೋರೈಡನ್ನು ಕಬ್ಬಿಣ(2+)ಕ್ಕೇ ಮೊದಲು ಹಾಕಿ ಆಮೇಲೆ ಉತ್ಕರ್ಷಕ ಹಾಕಿದರೇನು? ಮೇಲಿನ ಪೆರಾಮ್ಲದ ತೊಂದರೆ ಇಲ್ಲೂ ಬರುತ್ತದೆ. ಬೇರೆ ಉತ್ಕರ್ಷಕವಾದರೆ ಯತ್ನಿಸಬಹುದು, ಕಬ್ಬಿಣವಿಲ್ಲದ ತಾಳೆ ಪ್ರಯೋಗದ ಜೊತೆಗೆ.

ಹೆಪ್ಪುಗಟ್ಟಿಸಿ ಕಳಿಸುವ ಮಾದರಿಗಳು

ನಿಯಮ ಒಂದೇ: ಕಳಿಸುವ ಪ್ರತಿ ಕೊಳವೆಯೂ ಹೀರಿಕೆ ಅಳೆದ ಅದೇ ಪಾತ್ರೆಯಿಂದ ಬರಬೇಕು. ಕೊನೆಯ ರೋಹಿತಕ್ಕೂ ಹೆಪ್ಪುಗಟ್ಟಿಸುವುದಕ್ಕೂ ನಡುವೆ ಎಷ್ಟು ಸೆಕೆಂಡ್ ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು. ‘ಅದೇ ವಿಧಾನದಲ್ಲಿ ಮತ್ತೆ ತಯಾರಿಸಿದ್ದು’ ಅದೇ ಮಾದರಿಯಲ್ಲ.

ಜೊತೆಯಿಲ್ಲದ ಎಲೆಕ್ಟ್ರಾನ್‌ಗಳನ್ನು ಕಾಂತಕ್ಷೇತ್ರದಲ್ಲಿ ಹಿಡಿಯುವ ಇಪಿಆರ್‌ಗೆ 4 ಮಿ.ಮೀ. ಕ್ವಾರ್ಟ್ಜ್ ಕೊಳವೆ, ಕಾಲು ಮಿ.ಲೀ. ಮಾದರಿ. ಕೊಳವೆ, ಉದ್ದ ಸೂಜಿ ಎರಡನ್ನೂ −40ರ ಸ್ನಾನದಲ್ಲಿ ಮೊದಲೇ ಅದ್ದಿಡಿ. ಬಿಸಿ ಸೂಜಿ ಅರ್ಧ ಫೆರಿಲ್ ತಿಂದುಬಿಡುತ್ತದೆ. ಅಸಿಟೋನೈಟ್ರೈಲ್ ಗಾಜಿನಂತೆ ಹೆಪ್ಪುಗಟ್ಟದೆ ಹರಳಾಗುತ್ತದೆ, ಕಬ್ಬಿಣ ಹರಳಿನ ಅಂಚುಗಳಲ್ಲಿ ಗುಂಪುಗೂಡಿ ರೇಖೆ ಅಗಲವಾಗುತ್ತದೆ. ಬ್ಯುಟೈರೋನೈಟ್ರೈಲ್ ಈ ವಿಷಯದಲ್ಲಿ ಮೇಲು. ಐಐಟಿ ಬಾಂಬೆ, ಐಐಟಿ ಮದ್ರಾಸ್‌ಗಳ ಸೈಫ್ ಎಂಬ ಉಪಕರಣ ಕೇಂದ್ರಗಳಲ್ಲಿ ಇಪಿಆರ್ ಇದೆ.

ಸಾಮಾನ್ಯ ಎಕ್ಸ್-ಬ್ಯಾಂಡ್ ಇಪಿಆರ್‌ನಲ್ಲಿ ಫೆರಿಲ್ ಮೌನ. ಕಾಣುವುದೆಲ್ಲ ಕಬ್ಬಿಣ(3+): ಹೈ-ಸ್ಪಿನ್ (ಜೊತೆಯಿಲ್ಲದ ಎಲೆಕ್ಟ್ರಾನ್ ಹೆಚ್ಚು) ಆದರೆ ರೇಖೆಯ ಜಾಗ ಹೇಳುವ ಜಿ ಮೌಲ್ಯ 4.3 ಅಥವಾ 6ರ ಸುತ್ತ, ಲೋ-ಸ್ಪಿನ್ ಆದರೆ 2ರ ಆಚೀಚೆ. ಅಂದರೆ ಇಪಿಆರ್ ಹೇಳುವುದು ಕೆಟ್ಟ ಕಬ್ಬಿಣ ಎಷ್ಟು ಎಂಬುದನ್ನು. ಸಾಂದ್ರತೆ ಗೊತ್ತಿರುವ ಮಾನಕವನ್ನು ಅದೇ ಉಷ್ಣತೆ, ಅದೇ ಪವರ್‌ನಲ್ಲಿ ಅಳೆದು ಎರಡು ಸಲ ಇಂಟಿಗ್ರೇಟ್ ಮಾಡಿ ಹೋಲಿಸಿ. ಇಲ್ಲಿರುವ ಬಲೆ: ಏನೂ ಕಾಣದಿದ್ದರೆ ಎಲ್ಲವೂ ಫೆರಿಲ್ ಎಂದಲ್ಲ. ಎರಡು ಕಬ್ಬಿಣ(3+) ಒಂದು ಆಮ್ಲಜನಕ ಸೇತುವೆಯಿಂದ ಕೂಡಿಕೊಂಡರೆ ಪರಸ್ಪರ ಸ್ಪಿನ್ ರದ್ದಾಗಿ ಅವೂ ಮೌನವಾಗುತ್ತವೆ. ಫೆರಿಲ್ ಸತ್ತಾಗ ಹುಟ್ಟುವುದು ಬಹಳ ಸಲ ಅದೇ.

ಈ ಎರಡು ಮೌನಗಳನ್ನು ಬೇರ್ಪಡಿಸುವುದು ಮಾಸ್‌ಬೌರ್. ಕಬ್ಬಿಣದ ಎಲ್ಲ ರೂಪಗಳನ್ನೂ ಬೇರೆಬೇರೆಯಾಗಿ ಕಾಣುವ ವಿಧಾನ ಇದು, ಆದ್ದರಿಂದ ಹಣ ಒಂದಕ್ಕೆ ಮಾತ್ರ ಇದ್ದರೆ ಇದಕ್ಕೇ ಖರ್ಚು ಮಾಡಿ. ಕಾಣುವುದು ಕಬ್ಬಿಣ-57 ಮಾತ್ರ. ನೈಸರ್ಗಿಕ ಕಬ್ಬಿಣದಲ್ಲಿ ಅದು ನೂರಕ್ಕೆ ಸುಮಾರು 2.1. 1.5 ಮಿಲಿಮೋಲಾರ್ ದ್ರಾವಣಕ್ಕೆ ಇದು ಸಾಲದು, ಕಬ್ಬಿಣ-57 ಲೋಹ ಕೊಂಡು ಟ್ರೈಫ್ಲಿಕ್ ಆಮ್ಲದಲ್ಲಿ ಕರಗಿಸಿ ಟ್ರೈಫ್ಲೇಟ್ ಮಾಡಿಕೊಳ್ಳಬೇಕು. ದುಬಾರಿ. ಮೊದಲು ಸಾದಾ ಕಬ್ಬಿಣದಲ್ಲಿ ಇಡೀ ವಿಧಾನ ತಪ್ಪಿಲ್ಲದೆ ಬರುವವರೆಗೆ ಅದನ್ನು ಮುಟ್ಟಬೇಡಿ.

ಮಾಸ್‌ಬೌರ್ ಕಪ್‌ಗೆ ಸುಮಾರು ಅರ್ಧ ಮಿ.ಲೀ. ಹಿಡಿಯುತ್ತದೆ. ಡೈಕ್ಲೋರೋಮೀಥೇನ್‌ನಂಥ ಕ್ಲೋರಿನ್ ದ್ರಾವಕ ಬೇಡ, 14.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣವನ್ನು ಕ್ಲೋರಿನ್ ನುಂಗುತ್ತದೆ. ಬ್ರೋಮಿನ್ ಇನ್ನೂ ಕೆಟ್ಟದ್ದು. ಅದರ ಕೆ-ಅಂಚು (ಹೀರಿಕೆ ಥಟ್ಟನೆ ಏರುವ ಶಕ್ತಿ) 13.5ರಲ್ಲಿ, ಗಾಮಾಕ್ಕಿಂತ ಸ್ವಲ್ಪವೇ ಕೆಳಗೆ. ಬ್ರೋಮೈಡ್ ಮಾದರಿಗಳಲ್ಲಿ ಒಂದೆರಡು ಪಟ್ಟಿಗಿಂತ ಹೆಚ್ಚು ಹಾಕಬಾರದು.

ಬಂದ ರೋಹಿತವನ್ನು ಹೀಗೆ ಓದಿ. ಹೈ-ಸ್ಪಿನ್ ಕಬ್ಬಿಣ(2+)ದ ಐಸೋಮರ್ ಶಿಫ್ಟ್ 1ರ ಮೇಲೆ, ಸ್ಪ್ಲಿಟಿಂಗ್ ದೊಡ್ಡದು, ತಪ್ಪಿಸಿಕೊಳ್ಳಲಾರದು. ಆಮ್ಲಜನಕ ಸೇತುವೆಯ ಜೋಡಿ ಕಬ್ಬಿಣ(3+) 0.45ರ ಸುತ್ತ, ಸ್ಪ್ಲಿಟಿಂಗ್ ಒಂದೂವರೆ ಹತ್ತಿರ. ಫೆರಿಲ್ ಸೊನ್ನೆಯ ಆಸುಪಾಸಿನಿಂದ ಸುಮಾರು 0.3ರವರೆಗೆ. ಎನ್4ಪೈಯದ್ದು −0.04, ಸ್ಪ್ಲಿಟಿಂಗ್ 0.93. ಒಂದೊಂದರ ವಿಸ್ತೀರ್ಣವೇ ಅದರ ಪಾಲು. ಯಂತ್ರದ ಸೊನ್ನೆ ಕೋಣೆಯ ಉಷ್ಣತೆಯ ಕಬ್ಬಿಣದ ಹಾಳೆಗೆ ಹೊಂದಿಸಿದ್ದೇ ಎಂದು ಕೇಳಿ. ಮಾದರಿ ಯಾವ ಉಷ್ಣತೆಯಲ್ಲಿತ್ತು ಎಂಬುದನ್ನೂ ಬರೆಸಿಕೊಳ್ಳಿ, ಕೋಣೆಯ ಉಷ್ಣತೆಗೂ 4 ಕೆಲ್ವಿನ್‌ಗೂ ನಡುವೆ 0.1ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಇಂದೋರ್‌ನ ಯುಜಿಸಿ-ಡಿಎಇ ಕೇಂದ್ರದಲ್ಲಿ ಕಡಿಮೆ ಉಷ್ಣತೆಯ ಮಾಸ್‌ಬೌರ್ ಇದೆ. ಅಲ್ಲಿಯವರೆಗೆ ಮಾದರಿ ಡ್ರೈ-ಶಿಪ್ಪರ್‌ನಲ್ಲಿ ಹೋಗಬೇಕು. ಅದರಲ್ಲಿ ದ್ರವ ಸಾರಜನಕ ಹೀರಿಕೊಂಡಿರುತ್ತದೆ, ಚೆಲ್ಲುವುದಿಲ್ಲ. ತೆರೆದ ಡಿವಾರ್ ಹಿಡಿದು ಬಸ್ಸು ರೈಲು ಹತ್ತುವ ಮಾತೇ ಇಲ್ಲ.

ರಾಮನ್, ಮಾಸ್ ಸ್ಪೆಕ್ಟ್ರೋಮೆಟ್ರಿ, ಎಕ್ಸ್-ರೇ

ರೆಸೊನೆನ್ಸ್ ರಾಮನ್‌ನಲ್ಲಿ ಕಬ್ಬಿಣ-ಆಮ್ಲಜನಕ ಕಂಪನ 800–850 ವೇವ್‌ನಂಬರ್ ನಡುವೆ. ಆಮ್ಲಜನಕ-18 ಇಟ್ಟಾಗ ಅದು ಸುಮಾರು 37 ಕೆಳಗಿಳಿಯಬೇಕು, ಇಲ್ಲವಾದರೆ ಅದು ಫೆರಿಲ್ ಕಂಪನವಲ್ಲ. ಆಮ್ಲಜನಕ-18 ನೀರು ಸ್ವಲ್ಪ ಹಾಕಿದರೆ ಫೆರಿಲ್ ತಾನೇ ವಿನಿಮಯ ಮಾಡಿಕೊಳ್ಳುತ್ತದೆ. ಡ್ಯೂಟೇರಿಯಂ ಅಸಿಟೋನೈಟ್ರೈಲ್‌ಗೆ 830ರಲ್ಲೇ ಸ್ವಂತ ಪಟ್ಟೆ ಇದೆ, ಸಾದಾ ಅಸಿಟೋನೈಟ್ರೈಲ್‌ಗೆ 919ರಲ್ಲಿ. ಇಲ್ಲಿ ಸಾದಾ ದ್ರಾವಕವೇ ಸರಿ.

ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಟಿಪಿಎ ಫೆರಿಲ್ ಕ್ಲೋರೈಡ್ 397ಕ್ಕೆ ಬರಬೇಕು, 399ರಲ್ಲಿ ಮೂರನೇ ಒಂದು ಭಾಗದ ಜೊತೆಗಾರ ಇರಬೇಕು. ಬ್ರೋಮೈಡ್ ಆದರೆ 441, 443 ಸಮಸಮ. ಶಿಖರ ಕಂಡರೆ ಅಣು ಇದೆ ಎಂದಷ್ಟೇ ಅರ್ಥ, ಎಷ್ಟಿದೆ ಎಂದಲ್ಲ. ಎಕ್ಸ್-ರೇ ಹೀರಿಕೆಗೆ ಇಂದೋರ್‌ನ ಇಂಡಸ್-2 ಎಂಬ ಸಿಂಕ್ರೊಟ್ರಾನ್ ಕಿರಣಮೂಲ ಇದೆ. ಕಿರಣವೇ ಫೆರಿಲನ್ನು ಅಪಕರ್ಷಿಸುತ್ತದೆ, ಆದ್ದರಿಂದ ಪ್ರತಿ ಸ್ಕ್ಯಾನ್‌ಗೂ ಮಾದರಿಯ ಹೊಸ ಜಾಗಕ್ಕೆ ಸರಿಯಿರಿ, ಮೊದಲ ಮತ್ತು ಕೊನೆಯ ಸ್ಕ್ಯಾನ್‌ಗಳನ್ನು ಒಂದರ ಮೇಲೊಂದಿಟ್ಟು ಅಂಚು ಸರಿದಿದೆಯೇ ನೋಡಿ.

ಕ್ರಿಯಾವೇಗ ಮತ್ತು ಉತ್ಪನ್ನ

ಫೆರಿಲ್ 1 ಮಿಲಿಮೋಲಾರ್ ಇದ್ದರೆ ಸಬ್‌ಸ್ಟ್ರೇಟನ್ನು 20, 40, 60, 80, 100 ಮಿಲಿಮೋಲಾರ್ ಇಟ್ಟು ಐದು ಓಟ ಮಾಡಿ. ಹೀರಿಕೆಯ ಇಳಿತ ಮೂರು ಅರ್ಧಾಯುಗಳವರೆಗಾದರೂ ಒಂದೇ ಎಕ್ಸ್‌ಪೊನೆನ್ಶಿಯಲ್‌ಗೆ ಹೊಂದಬೇಕು. ವೇಗ ಸ್ಥಿರಾಂಕಗಳನ್ನು ಸಾಂದ್ರತೆಯ ಎದುರು ಇಟ್ಟರೆ ಇಳಿಜಾರು ದ್ವಿತೀಯ ದರ್ಜೆಯ ಸ್ಥಿರಾಂಕ. ಲಂಬ ಅಕ್ಷವನ್ನು ಮುಟ್ಟುವ ಬಿಂದು ಫೆರಿಲ್ ತಾನಾಗಿ ಸಾಯುವ ವೇಗ, ಅದನ್ನು ಸಬ್‌ಸ್ಟ್ರೇಟ್ ಇಲ್ಲದ ಓಟದಲ್ಲಿ ಬೇರೆಯಾಗಿಯೂ ಅಳೆದು ತಾಳೆ ನೋಡಿ. ಬಂಧ ಸಡಿಲವಾದ 9,10-ಡೈಹೈಡ್ರೋಆಂತ್ರಸೀನ್‌ನಿಂದ ಶುರು ಮಾಡಿ, ಎಥಿಲ್‌ಬೆಂಜೀನ್, ಆಮೇಲೆ ಸೈಕ್ಲೋಹೆಕ್ಸೇನ್. ಸಬ್‌ಸ್ಟ್ರೇಟಿನ ಹೈಡ್ರೋಜನ್ ಬದಲು ಡ್ಯೂಟೇರಿಯಂ ಇಟ್ಟಾಗ ವೇಗ ತೀರಾ ಇಳಿದರೆ ಹೈಡ್ರೋಜನ್ ಕೀಳುವುದೇ ನಿಧಾನದ ಹಂತ. ಟಾವ್‌ಡಿಯಲ್ಲಿ ಈ ಅನುಪಾತ 30ಕ್ಕಿಂತ ಹೆಚ್ಚು.

ಸೈಕ್ಲೋಹೆಕ್ಸೇನ್‌ನಿಂದ ಕ್ಲೋರೋಸೈಕ್ಲೋಹೆಕ್ಸೇನ್ ಮತ್ತು ಸೈಕ್ಲೋಹೆಕ್ಸನಾಲ್ ಎಷ್ಟೆಷ್ಟು ಎಂಬುದೇ ಕಿಣ್ವದ ಪ್ರಶ್ನೆಗೆ ನಿಮ್ಮ ಉತ್ತರ. ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಮುನ್ನ ಮಿಕ್ಕ ಫೆರಿಲನ್ನು ಟ್ರೈಫಿನೈಲ್ ಫಾಸ್ಫಿನ್ ಹಾಕಿ ಕೊಲ್ಲಿ, ಆಂತರಿಕ ಮಾನಕ ಸೇರಿಸಿ, ಸಣ್ಣ ಸಿಲಿಕಾ ಕಂಬದಲ್ಲಿ ಸೋಸಿ. ಸೋಸದಿದ್ದರೆ ಟೆಟ್ರಾಬ್ಯೂಟೈಲ್ ಅಮೋನಿಯಂ ಕ್ಲೋರೈಡ್ ಬಿಸಿ ಇಂಜೆಕ್ಟರ್‌ನಲ್ಲಿ ಒಡೆದು 1-ಕ್ಲೋರೋಬ್ಯುಟೇನ್ ಮತ್ತು ಟ್ರೈಬ್ಯೂಟೈಲ್ ಅಮಿನ್ ಆಗುತ್ತದೆ, ಅದನ್ನು ‘ಕ್ಲೋರಿನ್ ಸೇರಿದ ಹೊಸ ಉತ್ಪನ್ನ’ ಎಂದು ಸಂಭ್ರಮಿಸುವ ಅಪಾಯ ಇದೆ. ಸೈಕ್ಲೋಹೆಕ್ಸನೋನ್ ಕಂಡರೆ ಆಮ್ಲಜನಕ ಒಳಗೆ ಸೋರಿದೆ, ರ‍್ಯಾಡಿಕಲ್ ಅದಕ್ಕೆ ಸಿಕ್ಕಿಕೊಂಡಿದೆ ಎಂದು ಮೊದಲು ಅನುಮಾನಿಸಿ.

ಇಳುವರಿ ಫೆರಿಲ್‌ನ ಅರ್ಧಕ್ಕೆ ನಿಂತರೆ ಗಾಬರಿ ಬೇಡ. ಉತ್ಪನ್ನ ಬಿಟ್ಟುಕೊಟ್ಟು ಹೊರಬಂದ ಕಬ್ಬಿಣ(2+) ಇನ್ನೊಂದು ಫೆರಿಲ್ ಜೊತೆ ಸೇರಿ ಎರಡೂ 3+ ಆಗಿಬಿಡುತ್ತವೆ, ಹಾಗಾಗಿ ಎರಡು ಫೆರಿಲ್‌ಗೆ ಒಂದೇ ಉತ್ಪನ್ನ. ಆದರೆ ಹಾಗೆಂದು ಬರೆಯುವ ಮೊದಲು ಅದೇ ಓಟದ ಕೊನೆಯಲ್ಲಿ ಇನ್ನೊಂದು ಇಪಿಆರ್ ಕೊಳವೆ, ಇನ್ನೊಂದು ಮಾಸ್‌ಬೌರ್ ಕಪ್ ಹೆಪ್ಪುಗಟ್ಟಿಸಿ, 3+ ನಿಜವಾಗಿಯೂ ಅಷ್ಟಿದೆಯೇ ಎಣಿಸಿ. ಜೊತೆಗೆ ಮೂರು ತಾಳೆ ಓಟಗಳು ಬೇಕೇ ಬೇಕು: ಕಬ್ಬಿಣ ಬಿಟ್ಟು ಉಳಿದೆಲ್ಲ, ಕ್ಲೋರೈಡ್ ಬಿಟ್ಟು ಉಳಿದೆಲ್ಲ, ಫೆರಿಲ್ ಬದಲು ಸತ್ತ ಕಬ್ಬಿಣ(3+) ದ್ರಾವಣ. ಮೊದಲನೆಯದರಲ್ಲಿ ಕ್ಲೋರೋಸೈಕ್ಲೋಹೆಕ್ಸೇನ್ ಕಂಡರೆ ಪೆರಾಮ್ಲದ ಟೈಟ್ರೇಶನ್‌ಗೆ ವಾಪಸ್ ಹೋಗಿ.